ಬೇರೆ ಫೈಟಿಂಗ್ ಗೇಮ್‌ಗಳಿಂದ ಬಂದವರು ಬ್ಲಾಕ್ ಕಲಿಯಲು ಸ್ಟ್ರೀಟ್ ಫೈಟರ್ 6ರ ಟ್ರೇನಿಂಗ್ ಮೋಡ್

ಟೆಕ್ಕೆನ್ ಅಥವಾ ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಪಳಗಿದವರಿಗೆ ಸ್ಟ್ರೀಟ್ ಫೈಟರ್ 6ರ ಕಾಂಬೋಗಳು (ಒಂದರ ಹಿಂದೊಂದು ಜೋಡಿಸಿದ ಹೊಡೆತಗಳು) ಬೇಗ ಕೈಗೆ ಹತ್ತುತ್ತವೆ. ಅವರು ಮ್ಯಾಚ್ ಕಳೆದುಕೊಳ್ಳುವುದು ಬ್ಲಾಕ್‌ನಲ್ಲಿ, ಅಂದರೆ ಹೊಡೆತ ತಡೆಯುವುದರಲ್ಲಿ. ಹಳೆಯ ಗೇಮ್ ಕಲಿಸಿದ ಅಭ್ಯಾಸ ಇಲ್ಲಿ ಉಲ್ಟಾ ಹೊಡೆಯುತ್ತದೆ. 2023ರ ಜೂನ್‌ನಲ್ಲಿ ಕ್ಯಾಪ್‌ಕಾಮ್ ಬಿಡುಗಡೆ ಮಾಡಿದ ಈ ಗೇಮ್‌ನ ಟ್ರೇನಿಂಗ್ ಮೋಡ್‌ನಲ್ಲಿ ಅದನ್ನು ತಿದ್ದಿಕೊಳ್ಳಲು ಬೇಕಾದ ಸೌಲಭ್ಯವೆಲ್ಲ ಇದೆ, ಆದರೆ ಅದನ್ನು ಜೋಡಿಸಿಕೊಳ್ಳುವ ಕೆಲಸ ಆಡುವವರದೇ. ಬ್ಲಾಕ್ ಮಾಡುವುದು ಹೇಗೆಂದು ಟ್ಯುಟೋರಿಯಲ್ ಹೇಳಿಕೊಡುತ್ತದೆ. ಯಾವ ಅಭ್ಯಾಸ ಬಿಡಬೇಕೆಂದು ಹೇಳುವುದಿಲ್ಲ.

ಟೆಕ್ಕೆನ್ 8ರಲ್ಲಿ ಸ್ಟಿಕ್ ಮುಟ್ಟದೆ ನಿಂತರೂ ಹೈ ಮತ್ತು ಮಿಡ್ (ಮೇಲಿನ ಮತ್ತು ನಡುವಿನ) ಹೊಡೆತಗಳು ತಾವಾಗಿ ಬ್ಲಾಕ್ ಆಗುತ್ತವೆ. ಕೂತರೆ ಮಿಡ್ ಬೀಳುತ್ತದೆ. ಹಾಗಾಗಿ ಅಲ್ಲಿ ನಿಂತೇ ಇದ್ದು, ಲೋ (ಕೆಳಗಿನ ಹೊಡೆತ) ಬಂದಾಗ ಮಾತ್ರ ಕೂರುವುದು ರೂಢಿ. ಸ್ಟ್ರೀಟ್ ಫೈಟರ್‌ನಲ್ಲಿ ಸ್ಟಿಕ್ ಬಿಟ್ಟರೆ ಬ್ಲಾಕ್ ಇಲ್ಲವೇ ಇಲ್ಲ, ಹಿಂದಕ್ಕೆ ಹಿಡಿದೇ ಇರಬೇಕು. ಕೂತು ಬ್ಲಾಕ್ ಮಾಡಿದರೆ ನೆಲದ ಮೇಲಿನ ಹೊಡೆತಗಳಲ್ಲಿ ಓವರ್‌ಹೆಡ್ (ನಿಂತೇ ತಡೆಯಬೇಕಾದ ಹೊಡೆತ) ಬಿಟ್ಟು ಉಳಿದವೆಲ್ಲ ನಿಲ್ಲುತ್ತವೆ. ಈ ಗೇಮ್‌ನ ಪಾತ್ರ ರ್ಯುವಿನ ಕೂತು ಹೊಡೆಯುವ ಮೀಡಿಯಂ ಕಿಕ್ 8 ಫ್ರೇಮ್‌ಗಳಲ್ಲಿ (ಫ್ರೇಮ್ ಎಂದರೆ ಪರದೆಯ ಮೇಲೆ ಮೂಡುವ ಒಂದು ಚಿತ್ರ) ತಾಗುತ್ತದೆ. ಸೆಕೆಂಡಿಗೆ 60 ಫ್ರೇಮ್ ಲೆಕ್ಕದಲ್ಲಿ ಅದು ಸುಮಾರು 133 ಮಿಲಿಸೆಕೆಂಡ್, ಅದನ್ನು ನೋಡಿ ಕೂರುವುದು ಯಾರಿಂದಲೂ ಆಗದು. ಅವನದೇ ಓವರ್‌ಹೆಡ್‌ಗೆ, ಅಂದರೆ ಮುಂದಕ್ಕೆ ಒತ್ತಿ ಹೊಡೆಯುವ ಮೀಡಿಯಂ ಪಂಚ್‌ಗೆ, 20 ಫ್ರೇಮ್ ಬೇಕು. ಅದನ್ನು ನೋಡಿ ಎದ್ದು ನಿಲ್ಲಲು ಸಮಯವಿದೆ. ಕೂತಿರುವುದೇ ಇಲ್ಲಿ ಮೂಲ ಭಂಗಿ. ಎದುರಾಳಿ ಜಿಗಿದಾಗ ಅಥವಾ ಓವರ್‌ಹೆಡ್ ಕಂಡಾಗ ಮಾತ್ರ ಏಳಬೇಕು.

ಮಾರ್ಟಲ್ ಕಾಂಬ್ಯಾಟ್‌ನಿಂದ ಬಂದವರ ತೊಂದರೆ ಬೆರಳಿನದು. ಪ್ಲೇಸ್ಟೇಷನ್ ಪ್ಯಾಡ್‌ನಲ್ಲಿ ಅಲ್ಲಿ ಬ್ಲಾಕ್ ಬಟನ್ ಆಗಿದ್ದ ಆರ್ 2, ಇಲ್ಲಿನ ಕ್ಲಾಸಿಕ್ ಕಂಟ್ರೋಲ್‌ನಲ್ಲಿ ಹೆವಿ ಕಿಕ್. ಗಾಬರಿಯಲ್ಲಿ ಒತ್ತಿದರೆ ಒದೆ ಹೊರಡುತ್ತದೆ, ಎದುರಾಳಿಗೆ ಕೌಂಟರ್ ಹಿಟ್ (ನಿಮ್ಮ ಹೊಡೆತದ ನಡುವೆಯೇ ತಾಗಿ ಹೆಚ್ಚು ಪೆಟ್ಟು ಕೊಡುವ ಹೊಡೆತ) ಸಿಗುತ್ತದೆ. ಆ ಬಟನ್‌ಗೆ ಡ್ರೈವ್ ಪ್ಯಾರಿ (ಬಟನ್ ಹಿಡಿದು ಹೊಡೆತ ತಡೆಯುವ ಮೂವ್) ಇಟ್ಟುಕೊಂಡರೆ ಹಳೆಯ ಅಭ್ಯಾಸವೇ ಸಾಕಲ್ಲ ಎಂದು ಅನೇಕರಿಗೆ ಅನಿಸುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಪ್ಯಾರಿ ಮೇಲಿನ ಹೊಡೆತ, ಕೆಳಗಿನ ಹೊಡೆತ ಎರಡನ್ನೂ ತಡೆಯುವುದು ನಿಜ. ಆದರೆ ಹಿಡಿದಷ್ಟು ಹೊತ್ತು ಡ್ರೈವ್ ಗೇಜ್ (ಇಂಥ ಮೂವ್‌ಗಳಿಗೆ ಖರ್ಚಾಗುವ ಶಕ್ತಿಯ ಪಟ್ಟಿ) ಕರಗುತ್ತದೆ, ಜೊತೆಗೆ ಥ್ರೋ (ಬ್ಲಾಕ್‌ಗೆ ನಿಲ್ಲದ, ಹಿಡಿದು ಎಸೆಯುವ ಮೂವ್) ಬಿದ್ದರೆ ಅದು ಪನಿಶ್ ಕೌಂಟರ್, ಅಂದರೆ ಪೆಟ್ಟು ಇನ್ನೂ ಹೆಚ್ಚು: 1,200ರ ಡ್ಯಾಮೇಜ್ 2,040 ಆಗುತ್ತದೆ. ಗೇಜ್ ಪೂರ್ತಿ ಖಾಲಿಯಾಗಿ ಬರ್ನ್‌ಔಟ್ ಆದರಂತೂ, ಬ್ಲಾಕ್ ಮಾಡಿದ ಸ್ಪೆಷಲ್ ಮೂವ್ ಕೂಡ ಹೆಲ್ತ್ ಕಡಿಮೆ ಮಾಡುತ್ತದೆ.

ಈಗ ಅಭ್ಯಾಸದ ವಿಷಯ. ಡಮ್ಮಿಗೆ, ಅಂದರೆ ಅಭ್ಯಾಸಕ್ಕೆ ಎದುರು ನಿಲ್ಲುವ ಪಾತ್ರಕ್ಕೆ, 8 ರೆಕಾರ್ಡಿಂಗ್ ಸ್ಲಾಟ್‌ಗಳಿವೆ, ಈ ಮೋಡ್‌ನ ನಿಜವಾದ ಬಲ ಅಲ್ಲಿದೆ. ಡಮ್ಮಿಯಾಗಿ ರ್ಯುವನ್ನು ಇಟ್ಟು, ನಿಮ್ಮ ಪಾತ್ರವನ್ನು ಮೂಲೆಯಲ್ಲಿ ನಿಲ್ಲಿಸಿ. ಮೊದಲ ಸ್ಲಾಟ್‌ನಲ್ಲಿ ಕೂತು ಹೆವಿ ಕಿಕ್ ಹೊಡೆದು ಬೀಳಿಸಿ, ನೀವು ಏಳುವ ಹೊತ್ತಿಗೆ ಸರಿಯಾಗಿ ಕೂತು ಮೀಡಿಯಂ ಕಿಕ್ ತಾಗುವಂತೆ ರೆಕಾರ್ಡ್ ಮಾಡಿ. ಎರಡನೆಯದರಲ್ಲಿ ಅದೇ ರೀತಿ ಬೀಳಿಸಿ ಓವರ್‌ಹೆಡ್. ಎರಡನ್ನೂ ಆನ್ ಮಾಡಿ ಪ್ಲೇಬ್ಯಾಕ್ ಕೊಟ್ಟರೆ ಯಾವುದು ಬರುತ್ತದೆಂದು ಮೊದಲೇ ತಿಳಿಯುವುದಿಲ್ಲ. ಬೀಳುವವರೆಗೆ ಸುಮ್ಮನೆ ನಿಂತು, ಬಿದ್ದ ಮೇಲೆ ಕೆಳಗೆ-ಹಿಂದಕ್ಕೆ ಹಿಡಿಯಿರಿ. ಆ ಓರೆ ದಿಕ್ಕು ಸರಿಯಾಗಿ ಬೀಳುತ್ತಿದೆಯೇ ಎಂದು ಇನ್‌ಪುಟ್ ಡಿಸ್‌ಪ್ಲೇಯಲ್ಲಿ ನೋಡಿ. ಡಿ-ಪ್ಯಾಡ್‌ನಲ್ಲಿ ಹೆಬ್ಬೆರಳು ಜಾರಿ ಬರೀ ‘ಕೆಳಗೆ’ ಆದರೆ ಬ್ಲಾಕ್ ಆಗುವುದಿಲ್ಲ, ಹೊಸಬರ ಎಷ್ಟೋ ‘ನಿಗೂಢ’ ಹೊಡೆತಗಳಿಗೆ ಕಾರಣ ಇಷ್ಟೇ.

ಇದು ಕೈಗೆ ಬಂದ ಮೇಲೆ ಮೂರನೆಯ ಸ್ಲಾಟ್‌ಗೆ ಥ್ರೋ ಸೇರಿಸಿ. ಕಷ್ಟ ಇಲ್ಲಿಂದ ಶುರು, ಹೆಚ್ಚು ಸಮಯ ಕೊಡಬೇಕಾದದ್ದೂ ಇಲ್ಲಿಯೇ. ಏಳುವಾಗ ಕೂತು ಬ್ಲಾಕ್ ಹಿಡಿದು, ಕೆಲವೇ ಫ್ರೇಮ್ ತಡಮಾಡಿ ಲೈಟ್ ಪಂಚ್ ಮತ್ತು ಲೈಟ್ ಕಿಕ್ ಒಟ್ಟಿಗೆ ಒತ್ತಬೇಕು. ಬಂದದ್ದು ಕಿಕ್ ಆಗಿದ್ದರೆ ಅಷ್ಟರಲ್ಲಿ ಬ್ಲಾಕ್ ಆಗಿರುತ್ತದೆ, ಬಟನ್ ಒತ್ತಿದ್ದು ಲೆಕ್ಕಕ್ಕೇ ಬರುವುದಿಲ್ಲ. ಥ್ರೋ ಆಗಿದ್ದರೆ ಬಿಡಿಸಿಕೊಳ್ಳುತ್ತೀರಿ. ಬೇಗ ಒತ್ತಿದರೆ ನಿಮ್ಮ ಥ್ರೋ ಹೊರಟು ಕಿಕ್ ಕೌಂಟರ್ ಹಿಟ್ ಆಗಿ ಬೀಳುತ್ತದೆ, ತಡವಾದರೆ ಎದುರಾಳಿಯ ಥ್ರೋ. ಎಷ್ಟು ಫ್ರೇಮ್ ತಪ್ಪಿತೆಂಬುದನ್ನು ಫ್ರೇಮ್ ಮೀಟರ್‌ನ ಪಟ್ಟಿಯಲ್ಲಿ ಎಣಿಸಿ ನೋಡಬಹುದು. ಈ ಒಂದು ಸೌಲಭ್ಯಕ್ಕಾಗಿಯೇ ಈ ಮೋಡ್ ಅನ್ನು ಧಾರಾಳವಾಗಿ ಮೆಚ್ಚಬೇಕು.

ಜಿಗಿತಕ್ಕೆ ಬೇರೆ ಎರಡು ಸ್ಲಾಟ್ ಇಟ್ಟು, ಮೂಲೆಯಿಂದ ಹೊರಬಂದು ಅಭ್ಯಾಸ ಮಾಡಿ. ಒಂದರಲ್ಲಿ ಮುಂದೆಯೇ ಬೀಳುವ ಹೆವಿ ಕಿಕ್, ಇನ್ನೊಂದರಲ್ಲಿ ತಲೆ ದಾಟಿ ಬೆನ್ನಿಗೆ ಬೀಳುವ ಮೀಡಿಯಂ ಕಿಕ್. ಬ್ಲಾಕ್ ಬಟನ್ ಇದ್ದ ಗೇಮ್‌ನಲ್ಲಿ ದಿಕ್ಕು ಬದಲಿಸುವ ಅಗತ್ಯವಿರಲಿಲ್ಲ, ಇಲ್ಲಿ ಎದುರಾಳಿ ತಲೆ ದಾಟಿದ ಕೂಡಲೇ ‘ಹಿಂದೆ’ ಎಂಬುದು ಆಚೆ ಬದಿಯಾಗುತ್ತದೆ. ಡ್ರೈವ್ ಇಂಪ್ಯಾಕ್ಟ್‌ಗೂ (ಡ್ರೈವ್ ಗೇಜ್ ಖರ್ಚು ಮಾಡಿ ಹೊಡೆಯುವ ಜೋರಾದ ಹೊಡೆತ) ಒಂದು ಸ್ಲಾಟ್ ಇರಲಿ. ಅದು ತಾಗಲು 26 ಫ್ರೇಮ್ ಬೇಕು, ನೋಡಿ ನಿಮ್ಮ ಇಂಪ್ಯಾಕ್ಟ್‌ನಿಂದಲೇ ಉತ್ತರಿಸಬಹುದು. ಮೂಲೆಯಲ್ಲಿ ಅದನ್ನು ಬರೀ ಬ್ಲಾಕ್ ಮಾಡಿದರೆ ಗೋಡೆಗೆ ಅಪ್ಪಳಿಸಿ ಪೂರ್ತಿ ಕಾಂಬೋ ತಿನ್ನಬೇಕಾಗುತ್ತದೆ.

ಕೊರತೆಯೂ ಇದೆ. ಡಮ್ಮಿಯ ಆಟವನ್ನು ರೆಕಾರ್ಡ್ ಮಾಡಲು ಆ ಪಾತ್ರ ನಿಮಗೆ ಆಡಲು ಬರಬೇಕು. ಹೊಸಬರಿಗೆ ಜೇಮಿ, ಜೂರಿಯಂಥವರ ಒತ್ತಡವನ್ನು ಸರಿಯಾಗಿ ರೆಕಾರ್ಡ್ ಮಾಡುವುದೇ ದೊಡ್ಡ ಕೆಲಸ. ರಿಪ್ಲೇ ನಡುವೆ ಕಂಟ್ರೋಲ್ ತೆಗೆದುಕೊಂಡು, ಸೋತ ಜಾಗದಿಂದಲೇ ಮತ್ತೆ ಆಡುವ ಸೌಲಭ್ಯ ಈಗ ಇರುವುದರಿಂದ ಈ ಶ್ರಮ ಸ್ವಲ್ಪ ತಗ್ಗಿದೆ. ಆದರೆ ಟೆಕ್ಕೆನ್ 8ರ ರಿಪ್ಲೇ ‘ಇಲ್ಲಿ ಇದನ್ನು ಮಾಡಬಹುದಿತ್ತು’ ಎಂದು ಸಲಹೆಯನ್ನೂ ಕೊಡುತ್ತದೆ. ಇಲ್ಲಿ ತಪ್ಪು ಎಲ್ಲಿ ಎಂದು ನೀವೇ ಹುಡುಕಬೇಕು.