ಫೋಲ್ಡ್‌ಸ್ಕೋಪ್: ತಣ್ಣನೆ ಕೋಣೆಗೂ ಒಯ್ಯಬಹುದಾದ ಸೂಕ್ಷ್ಮದರ್ಶಕ

ಕಾಗದ ಮಡಚಿ ಮಾಡುವ ಪುಟ್ಟ ಸೂಕ್ಷ್ಮದರ್ಶಕ ಫೋಲ್ಡ್‌ಸ್ಕೋಪ್ ಅಗ್ಗ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಇಷ್ಟವಾದದ್ದಕ್ಕೆ ಕಾರಣ ಬೇರೆ. ಇದರ ಪುಟ್ಟ ಎಲ್‌ಇಡಿ ದೀಪ, ನೋಡಲು ಇಟ್ಟ ನೀರಿನ ಹನಿಯನ್ನು ಕಾಯಿಸುವುದಿಲ್ಲ.

ನಾನು ಕ್ಯಾಲಿಫೋರ್ನಿಯಾದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತೇನೆ. ಬ್ಯಾಟ್ ಸ್ಟಾರ್ ಎಂಬ ನಕ್ಷತ್ರ ಮೀನಿನ ಲಾರ್ವಾಗಳನ್ನು, ಅಂದರೆ ಈಜುವ ಪುಟ್ಟ ಮರಿಗಳನ್ನು, 14 ಡಿಗ್ರಿಯ ಕೋಣೆಯಲ್ಲಿ ಬೆಳೆಸುತ್ತೇವೆ. ಹ್ಯಾಲೊಜನ್ ಬಲ್ಬಿನ ಹಳೆ ಸೂಕ್ಷ್ಮದರ್ಶಕದಲ್ಲಿಟ್ಟರೆ ಹನಿ ಬೇಗ ಬೆಚ್ಚಗಾಗುತ್ತದೆ, ಲಾರ್ವಾಗಳ ಈಜೂ ಬದಲಾಗುತ್ತದೆ. ಬಿಸಿಗೆ ಅವುಗಳ ಮೈಮೇಲಿನ ಸಣ್ಣ ರೋಮಗಳು, ಅಂದರೆ ಸಿಲಿಯಾ, ಜಾಸ್ತಿ ವೇಗವಾಗಿ ಬಡಿಯುತ್ತವೆ. ನೀರೂ ತೆಳುವಾಗುತ್ತದೆ. ಸಮುದ್ರದ ನೀರು 10ರಿಂದ 20 ಡಿಗ್ರಿಗೆ ಏರಿದರೆ ಅದರ ಮಂದತನ ಸುಮಾರು ಐದನೇ ಒಂದು ಪಾಲು ಇಳಿಯುತ್ತದೆ. ಇಷ್ಟು ಸಣ್ಣ ಜೀವಕ್ಕೆ ಅದು ದೊಡ್ಡ ವ್ಯತ್ಯಾಸ. ನಕ್ಷತ್ರ ಮೀನಿನ ಸಂಬಂಧಿ ಸ್ಯಾಂಡ್ ಡಾಲರ್‌ನ ಲಾರ್ವಾಗಳ ಬಗ್ಗೆ 1993ರಲ್ಲೇ ಒಂದು ಅಧ್ಯಯನ ಬಂದಿತ್ತು. ನೀರನ್ನು 22ರಿಂದ 12 ಡಿಗ್ರಿಗೆ ತಣಿಸಿದಾಗ ಅವುಗಳ ಈಜು ನಿಧಾನವಾಯಿತು. ವೇಗದ ಆ ಇಳಿಕೆಯಲ್ಲಿ ಸುಮಾರು 40% ಪಾಲಿಗೆ ನೀರಿನ ಮಂದತನವೊಂದೇ ಕಾರಣ!

ಹಾಗಾಗಿ ಈ ಕಾಗದದ ಸೂಕ್ಷ್ಮದರ್ಶಕವನ್ನು ತಣ್ಣನೆ ಕೋಣೆಯೊಳಗೇ ಇಟ್ಟಿದ್ದೇನೆ. ಹನಿ, ಗಾಜು, ಲೆನ್ಸ್ ಎಲ್ಲವೂ ಒಂದೇ ತಾಪಮಾನದಲ್ಲಿರುತ್ತವೆ. ಹನಿಯ ಮೇಲೆ ಮುಚ್ಚುವ ತೆಳು ಗಾಜಿನ, ಅಂದರೆ ಕವರ್‌ಸ್ಲಿಪ್‌ನ, ಮೂಲೆಗಳಿಗೆ ಚೂರು ಜೇಡಿಮಣ್ಣು ಅಂಟಿಸಿ, ಇಲ್ಲವಾದರೆ ಲಾರ್ವಾ ನಜ್ಜುಗುಜ್ಜಾಗುತ್ತದೆ. ನೀರಿಗೆ ಸ್ವಲ್ಪ ಪಾಚಿ ಬೆರೆಸಿ, ಆಯಸ್ಕಾಂತದಿಂದ ಫೋನ್ ಜೋಡಿಸಿ. ಲಾರ್ವಾದ ಸುತ್ತ ಪಾಚಿಯ ಕಣಗಳು ಸುಳಿಸುಳಿಯಾಗಿ ತಿರುಗುವುದು ಕಾಣುತ್ತದೆ. ಎಷ್ಟು ಚೆಂದ ಗೊತ್ತಾ! ಫೋಲ್ಡ್‌ಸ್ಕೋಪ್ ರೂಪಿಸಿದ ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ಅವರ ತಂಡವೇ 2017ರಲ್ಲಿ ಈ ಸುಳಿಗಳ ಗುಟ್ಟು ಬಿಡಿಸಿತು. ಸುಳಿ ಜಾಸ್ತಿಯಾದರೆ ಆಹಾರ ಹತ್ತಿರ ಬರುತ್ತದೆ, ಆದರೆ ಈಜು ನಿಧಾನವಾಗುತ್ತದೆ. ಹಾಗಾಗಿ ಬೆಚ್ಚನೆ ನೀರಲ್ಲಿ ವೇಗ ಹೆಚ್ಚಿತು ಅಂದಮಾತ್ರಕ್ಕೆ ಲಾರ್ವಾ ಸುಖವಾಗಿದೆ ಅನ್ನೋಕಾಗಲ್ಲ. ಅದು ತಿನ್ನುತ್ತಿದೆಯಾ ಅಂತಲೂ ನೋಡಬೇಕು ಅಲ್ವಾ? 2014ರಿಂದ 2016ರವರೆಗೆ ಇಲ್ಲಿನ ಕಡಲು ಅಸಹಜವಾಗಿ ಬಿಸಿಯಾಗಿತ್ತು. ಮತ್ತೆ ಹಾಗಾದರೆ ಈ ಮರಿಗಳ ಗತಿಯೇನು ಅನ್ನುವ ಚಿಂತೆ ನನಗಿದೆ.

ಇದರ ಮಿತಿಯನ್ನೂ ಹೇಳಬೇಕು. 140 ಪಟ್ಟು ದೊಡ್ಡದಾಗಿ ತೋರಿಸುವುದರಿಂದ ಈಜುವ ಲಾರ್ವಾ ಬೇಗ ಚೌಕಟ್ಟಿನಾಚೆ ಹೋಗುತ್ತದೆ. ವೇಗ ಅಳೆಯಬೇಕೆಂದರೆ ಕಡಿಮೆ ವರ್ಧನೆಯ ಬೇರೆ ಉಪಕರಣವೇ ಬೇಕು. ಸುಳಿ ನೋಡಲು, ವಿದ್ಯಾರ್ಥಿಗಳಿಗೆ ತೋರಿಸಲು ಇದು ಧಾರಾಳ ಸಾಕು. ಕೊಳ್ಳುವಾಗ ಎಲ್‌ಇಡಿ ದೀಪ ಇರುವ ಕಿಟ್ಟನ್ನೇ ಕೇಳಿ.