ಆರು ವರ್ಷ ಬಳಸಿದ ಹಗುರ ಗರಗಸ ಯಂತ್ರ: ಕೊಳ್ಳುವ ಮೊದಲು ಅದರ ಚೈನ್ ಎಲ್ಲಿ ಸಿಗುತ್ತದೆಂದು ವಿಚಾರಿಸಿ

2020ರ ಮಾರ್ಚ್ ಕೊನೆಯಲ್ಲಿ, ಬಟ್ಟೆ ಒಣಗಿಸುವ ಹಗ್ಗ ಕಟ್ಟಲೆಂದು ಹಿರಿಯರು ಯಾರೋ ಹಲಸಿನ ಮರಕ್ಕೆ ಎಂದೋ ಹೊಡೆದಿದ್ದ ಮೊಳೆಗೆ ನನ್ನ ಗರಗಸ ಯಂತ್ರದ ಚೈನ್ ತಾಗಿ, ಒಂದು ಬದಿಯ ಹಲ್ಲುಗಳೆಲ್ಲ ಮೊಂಡಾದವು. ಯಂತ್ರ ಮನೆಗೆ ಬಂದು ಆಗಿನ್ನೂ ನಾಲ್ಕು ತಿಂಗಳಾಗಿತ್ತಷ್ಟೆ. ಅಂತಹ ಚೈನ್ ನಮ್ಮ ಪೇಟೆ ಬದಿಯಡ್ಕದಲ್ಲಿ ಇರಲಿಲ್ಲ, ಕಾಸರಗೋಡಿನ ಅಂಗಡಿಗಳಿಗೆ ಫೋನ್ ಮಾಡಿದರೆ ಅಲ್ಲಿಯೂ ಇರಲಿಲ್ಲ. ಯಂತ್ರವನ್ನು ಮಾರಿದ ಮಂಗಳೂರಿನ ಅಂಗಡಿಯವರ ಬಳಿ ಇತ್ತು, ಆದರೆ ಅದೇ ವಾರ ಕೊರೊನಾದಿಂದಾಗಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಿದ್ದರು. ಆಸ್ಪತ್ರೆಗೆ ಹೋಗಬೇಕಾದವರೇ ಗಡಿಯಲ್ಲಿ ನಿಂತು ಹಿಂದಿರುಗುತ್ತಿದ್ದ ಆ ದಿನಗಳಲ್ಲಿ ಒಂದು ಚೈನಿಗಾಗಿ ದೂರು ಹೇಳುವ ಮನಸ್ಸು ನನಗೂ ಬರಲಿಲ್ಲ. ಆದರೆ ಅಂದು ಮನಸ್ಸಿನಲ್ಲಿ ಉಳಿದ ಅಸಮಾಧಾನವೇ ಈ ವಿಮರ್ಶೆಗೆ ಮೂಲ, ಆದ್ದರಿಂದ ಅದನ್ನೇ ಮೊದಲು ಬರೆದಿದ್ದೇನೆ.

ನಮ್ಮದು ಎರಡು ಎಕರೆ ಅಡಿಕೆ ತೋಟ, ನಡುನಡುವೆ ತೆಂಗು, ಮೇಲಿನ ಗುಡ್ಡೆಯಲ್ಲಿ ಒಂದಷ್ಟು ಗೇರು. ದೊಡ್ಡ ಮರ ಉರುಳಿಸುವ ಕೆಲಸ ನಮಗಿಲ್ಲ, ಅದಕ್ಕೆ ಬಲ್ಲವರನ್ನು ಕರೆಯುತ್ತೇವೆ. ಇರುವುದೆಲ್ಲ ಚಿಲ್ಲರೆ ಕೆಲಸ: ತಲೆ ಹೋದ ಅಡಿಕೆ ಮರವನ್ನು ತುಂಡು ಮಾಡುವುದು, ಗಾಳಿಗೆ ಮುರಿದ ಗೇರಿನ ಕೊಂಬೆಯನ್ನು ದಾರಿಯಿಂದ ತೆಗೆಯುವುದು, ಬಚ್ಚಲ ಒಲೆಗೆ ಒಂದು ಮಳೆಗಾಲಕ್ಕೆ ಸಾಕಾಗುವಷ್ಟು ಕಟ್ಟಿಗೆ ಮಾಡುವುದು. ಇಷ್ಟಕ್ಕಾಗಿ ಆಳು ಬರುವುದನ್ನು ಹದಿನೈದು ದಿನ ಕಾದು ಬೇಸತ್ತ ಮೇಲೆ, ಐವತ್ತನಾಲ್ಕು ಕಿಲೋ ತೂಕದ ಹೆಂಗಸಾದ ನಾನೇ ಹಿಡಿದು ಕೊಯ್ಯುವಂತಹ ಒಂದು ಯಂತ್ರವನ್ನು ಕೊಳ್ಳಬೇಕೆಂದು ತೀರ್ಮಾನಿಸಿದೆ. ಮನಸ್ಸಿನಲ್ಲಿದ್ದ ಮೊತ್ತ 20,000 ರೂಪಾಯಿ. ಕೊನೆಗೆ ಕೊಟ್ಟದ್ದು 29,500. ಹೆಚ್ಚಿನ ಹಣ ಆ ವರ್ಷ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊಗೆ ಹಾಕಿದ ಹಳೆ ಅಡಿಕೆಯಿಂದ ಬಂತು.

ಅದಕ್ಕಿಂತ ಅಗ್ಗದ ದಾರಿ ಇರಲಿಲ್ಲವೆಂದಲ್ಲ. ಪಕ್ಕದ ಮನೆಯ ಭಾವ ಏಳು ಸಾವಿರಕ್ಕೆ 58 ಸಿಸಿಯ ಯಂತ್ರವೊಂದನ್ನು ತರಿಸಿದ್ದರು. ಅದನ್ನು ನಮ್ಮ ಅಡಿಕೆ ತೂಗುವ ತಕ್ಕಡಿಗೆ ಹಾಕಿದಾಗ, ಚೈನ್ ಸುತ್ತುವ ಉದ್ದನೆಯ ಪಟ್ಟಿ, ಅಂದರೆ ಬಾರ್ ಸೇರಿ ಏಳು ಕಿಲೋ ದಾಟಿತು. ನಾನು ಕೊಂಡ 25 ಸಿಸಿಯ ಯಂತ್ರದ ತೂಕವನ್ನು ಕಂಪನಿಯವರು 2.6 ಕಿಲೋ ಎಂದು ಬರೆದಿದ್ದರು. ಹಾಗೆ ಬರೆಯುವ ತೂಕದಲ್ಲಿ ಬಾರ್, ಚೈನ್, ಪೆಟ್ರೋಲ್, ಎಣ್ಣೆ ಯಾವುದೂ ಸೇರಿರುವುದಿಲ್ಲವೆಂದು ನನಗೆ ತಿಳಿದದ್ದು ಅದೇ ತಕ್ಕಡಿಯಲ್ಲಿ. ಕೆಲಸಕ್ಕೆ ಸಿದ್ಧವಾಗಿ ನಿಂತಾಗ ಅದು 3 ಕಿಲೋ 400 ಗ್ರಾಂ ತೂಗುತ್ತದೆ. ಅಂಗಡಿಯಲ್ಲಿ ಒಮ್ಮೆ ಎತ್ತಿ ಇಳಿಸುವಾಗ ಮೂರು ಕಿಲೋಕ್ಕೂ ಐದು ಕಿಲೋಕ್ಕೂ ಅಂತಹ ವ್ಯತ್ಯಾಸ ತೋರುವುದಿಲ್ಲ. ಗುಡ್ಡೆ ಹತ್ತಿ ಹೋಗಿ, ಬಾಗಿ ನಿಂತು, ನಲವತ್ತು ನಿಮಿಷ ಕೊಂಬೆ ಸವರಿದ ಮೇಲೆ, ಕೈ ನಡುಗುವ ಹೊತ್ತಿನಲ್ಲಿ ಆ ಎರಡು ಕಿಲೋ ಏನೆಂಬುದು ಗೊತ್ತಾಗುತ್ತದೆ. ಅಪಾಯವೂ ಆ ಹೊತ್ತಿಗೇ ಬರುವುದು.

ಹಗುರವೆಂಬ ಒಂದೇ ಕಾರಣಕ್ಕೆ ಮೇಲೆ ಹಿಡಿಯಿರುವ ಯಂತ್ರವನ್ನು ಆರಿಸಬೇಡಿ ಎಂದು ಇಲ್ಲಿ ಹೇಳಲೇಬೇಕು. ಅದು ಹಗ್ಗ ಕಟ್ಟಿಕೊಂಡು ಮರದ ಮೇಲೆ ಕೆಲಸ ಮಾಡುವ, ತರಬೇತಿ ಪಡೆದವರಿಗಾಗಿ ಇರುವಂತಹದ್ದು. ನೆಲದಲ್ಲಿ ನಿಂತವರ ಕೈಗೆ ಅದು ಸಿಕ್ಕರೆ ಒಂದೇ ಕೈಯಲ್ಲಿ ಹಿಡಿದು ಬೀಸುವ ಆಸೆ ಹುಟ್ಟುತ್ತದೆ. ಬಾರ್‌ನ ಮೂತಿಯ ಮೇಲ್ಭಾಗ ಎಲ್ಲಿಯಾದರೂ ತಾಗಿದರೆ ಯಂತ್ರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಖದ ಕಡೆಗೆ ಒದೆಯುತ್ತದೆ, ಅದನ್ನು ತಡೆಯಲು ಎರಡೂ ಕೈಗಳ ಹಿಡಿತ ಬೇಕು. ನಾನು ಹಿಂದೆ ಹಿಡಿಯಿರುವುದನ್ನೇ ಕೊಂಡೆ. ಸೀರೆಯ ಸೆರಗು, ಶಾಲು, ಬಿಚ್ಚಿದ ಜಡೆ ಯಾವುದೂ ಈ ಯಂತ್ರದ ಹತ್ತಿರ ಸುಳಿಯಬಾರದು. ಮಗನ ಹಳೆಯ ದಪ್ಪ ಪ್ಯಾಂಟು, ಉದ್ದ ತೋಳಿನ ಅಂಗಿ, ಬೂಟು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಿಗೆ, ಇಷ್ಟು ತೊಟ್ಟ ಮೇಲೆಯೇ ನಾನು ಎಂಜಿನ್ ಚಾಲೂ ಮಾಡುವ ಹಗ್ಗ ಎಳೆಯುವುದು.

ವೃತ್ತಿಪರ ದರ್ಜೆ ಎಂದರೆ ಅಶ್ವಶಕ್ತಿ ಹೆಚ್ಚು ಎಂದು ನಾನು ಭಾವಿಸಿದ್ದೆ. ಹಾಗಲ್ಲ. ಮನೆಬಳಕೆಯ ಅನೇಕ ಯಂತ್ರಗಳಲ್ಲಿ ಎಂಜಿನ್ ಒಂದು ಪ್ಲಾಸ್ಟಿಕ್ ಒಡಲಿನೊಳಗೆ ಕೂತಿರುತ್ತದೆ, ದೊಡ್ಡ ರಿಪೇರಿ ಬಂದರೆ ಎಲ್ಲವನ್ನೂ ಕಳಚಬೇಕು. ವೃತ್ತಿಪರ ದರ್ಜೆಯದ್ದರಲ್ಲಿ ಕ್ರ್ಯಾಂಕ್ ಇರುವ ಪೆಟ್ಟಿಗೆ ಮೆಗ್ನೀಸಿಯಮ್ ಎರಕದ್ದಾಗಿದ್ದು, ಸಿಲಿಂಡರನ್ನು ನಾಲ್ಕು ಸ್ಕ್ರೂ ಬಿಚ್ಚಿ ಪ್ರತ್ಯೇಕವಾಗಿ ತೆಗೆಯಬಹುದು. ಚೈನಿಗೆ ಹೋಗುವ ಎಣ್ಣೆಯನ್ನು ಹೆಚ್ಚು ಕಡಿಮೆ ಮಾಡುವ ಸ್ಕ್ರೂ ಇರುತ್ತದೆ, ಹಿಡಿಗೂ ಎಂಜಿನ್ನಿಗೂ ನಡುವೆ ನಡುಕ ತಡೆಯುವ ಸ್ಪ್ರಿಂಗ್ ಇರುತ್ತದೆ. ಈ ಕೊನೆಯದರ ಬೆಲೆ ನನಗೆ ಗೊತ್ತಾದದ್ದು ಭಾವನ ಯಂತ್ರವನ್ನು ಹತ್ತು ನಿಮಿಷ ಹಿಡಿದ ದಿನ ರಾತ್ರಿ, ಅನ್ನ ಕಲಸುವಾಗಲೂ ಬೆರಳು ಜುಮ್ಮೆನ್ನುತ್ತಿತ್ತು. ನನ್ನದರಲ್ಲಿ ಒಮ್ಮೆಯೂ ಹಾಗಾಗಿಲ್ಲ.

ಇಷ್ಟೆಲ್ಲ ಒಳ್ಳೆಯ ಯಂತ್ರಕ್ಕೆ ಹಾಕಿದ ಚೈನ್ ಮಾತ್ರ ನಮ್ಮ ಊರಿನದ್ದಲ್ಲ. ಚೈನಿಗೆ ಮೂರು ಲೆಕ್ಕಗಳಿವೆ: ಪಿಚ್, ಅಂದರೆ ಅಕ್ಕಪಕ್ಕದ ಮೂರು ರಿವೆಟ್‌ಗಳ ನಡುವಿನ ಅಂತರದ ಅರ್ಧ, ಗೇಜ್, ಅಂದರೆ ಬಾರ್‌ನ ಅಂಚಿನ ಸೀಳಿನೊಳಗೆ ಕೂರುವ ಕೊಂಡಿಯ ದಪ್ಪ, ಮತ್ತು ಅಂತಹ ಕೊಂಡಿಗಳ ಸಂಖ್ಯೆ. ಮೂರೂ ಸರಿಯಾಗಿದ್ದರೆ ಮಾತ್ರ ಚೈನ್ ಕೂರುತ್ತದೆ, ಬಾರ್‌ನ ಇಂಚು ಹೇಳಿದರೆ ಸಾಲದು. ನಮ್ಮ ಕಡೆಯ ಅಂಗಡಿಗಳ ಗೋಡೆಯಲ್ಲಿ ತೂಗುವುದು ಎಂಟರಲ್ಲಿ ಮೂರು ಇಂಚು ಪಿಚ್‌ನ ಚೈನ್. ನನ್ನದು ಕಾಲು ಇಂಚು ಪಿಚ್‌ನದ್ದು, ಚಿಕ್ಕ ಎಂಜಿನ್ ಸುಲಭವಾಗಿ ಎಳೆಯಲೆಂದು ಹಾಕಿದ ಸಣ್ಣ ಹಲ್ಲಿನದ್ದು. ಮಾರುವಾಗ ಅಂಗಡಿಯವರು ಎಂಜಿನ್ ಬಗ್ಗೆ ಅರ್ಧ ಗಂಟೆ ಮಾತನಾಡಿದರು, ಗ್ಯಾರಂಟಿಯ ಕಾಗದ ತೋರಿಸಿದರು, ಆದರೆ ಸವೆದ ಮೇಲೆ ಚೈನ್ ಎಲ್ಲಿ ಸಿಗುತ್ತದೆಂದು ಒಂದು ಮಾತು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಕ್ಕಿ ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿ ನೋಡುವವಳು, ಮೂವತ್ತು ಸಾವಿರದ ಹತ್ತಿರ ಕೊಡುವಾಗ ಆ ಪ್ರಶ್ನೆ ಕೇಳದೆ ಬಂದೆನಲ್ಲಾ ಎಂಬ ಸಂಕಟ ಬಹಳ ದಿನ ಇತ್ತು. ಒಂದು ಚೈನಿಗಾಗಿ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಿಬರುವುದೆಂದರೆ ನಮಗೆ ಒಂದು ದಿನ, ಹಾಲು ಕರೆಯುವ ಹೊತ್ತಿಗೆ ಹಿಂದಿರುಗುವ ಧಾವಂತ ಬೇರೆ.

ಗಡಿ ಮುಚ್ಚಿದ ಆ ದಿನಗಳಲ್ಲಿ ಉಳಿದಿದ್ದ ಒಂದೇ ಉಪಾಯವೆಂದರೆ ಮೊಂಡಾದ ಚೈನನ್ನೇ ಮಸೆಯುವುದು. ಬದಿಯಡ್ಕದ ಮೆಕ್ಯಾನಿಕ್ ಫೋನಿನಲ್ಲಿ, "ಅಕ್ಕಾ, ಚೈನ್ ಬೇರೆಯಾದರೂ ಅರ ಒಂದೇ, ನಾಲ್ಕು ಮಿಲಿಮೀಟರಿನ ಉರುಟು ಅರ ಸಾಕು, ಅದು ನನ್ನಲ್ಲಿ ಇದೆ" ಎಂದರು. ನನ್ನ ಸಿಟ್ಟು ಇಳಿಯತೊಡಗಿದ್ದು ಆ ಮಾತಿನಿಂದ. ಊರಿನಲ್ಲಿ ಸಿಗದ ಚೈನಿಗೆ ಊರಿನಲ್ಲಿ ಸಿಗುವ ಅರ ಸಾಕಾಗುತ್ತದೆಂದು ತಿಳಿದ ಮೇಲೆ ನಾನು ಕಲಿಯದೆ ಬಿಡಲಿಲ್ಲ. ಮೊದಲ ದಿನ ಎರಡು ಗಂಟೆ ಹಿಡಿಯಿತು, ಒಂದು ಬದಿ ಹೆಚ್ಚು ಮಸೆದು ಯಂತ್ರ ವಾರೆಯಾಗಿ ಕೊಯ್ಯತೊಡಗಿತು. ಮೂರನೆಯ ಸಲಕ್ಕೆ ನೇರವಾಯಿತು.

ಈಗ ಅದು ನನ್ನ ಸಂಜೆಯ ಒಂದು ಭಾಗವೇ ಆಗಿದೆ. ಆ ಹಲಸಿನ ಮರದ ಒಂದು ಮೋಟು ತುಂಡನ್ನು ಕಟ್ಟಿಗೆ ಮಾಡದೆ ಜಗಲಿಯ ಮೂಲೆಯಲ್ಲಿ ಇಟ್ಟುಕೊಂಡು, ಅದರ ನೆತ್ತಿಯಲ್ಲಿ ಒಂದು ಸೀಳು ಕೊಯ್ದಿದ್ದೇನೆ. ನಾಲ್ಕು ಗಂಟೆಯ ಚಹಾ ಆದ ಮೇಲೆ ಯಂತ್ರದ ಬಾರನ್ನು ಆ ಸೀಳಿನಲ್ಲಿ ಕೂರಿಸಿ, ಬೆಣೆ ಬಡಿದು, ಮೊದಲ ಹಲ್ಲಿಗೆ ಎಲೆಗೆ ಹಚ್ಚುವ ಸುಣ್ಣದ ಒಂದು ಬೊಟ್ಟು ಇಡುತ್ತೇನೆ. ಸುತ್ತು ಬಂದು ಮುಗಿದದ್ದು ಅದರಿಂದ ತಿಳಿಯುತ್ತದೆ. ಅರದ ದಪ್ಪದ ಐದನೆಯ ಒಂದು ಪಾಲು ಹಲ್ಲಿನಿಂದ ಮೇಲೆ ಕಾಣುವಂತೆ ಹಿಡಿದು, 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಗೆ ಮಾತ್ರ ತಳ್ಳಬೇಕು, ಹಿಂದಕ್ಕೆ ಎಳೆಯುವಾಗ ತಾಗಿಸಬಾರದು. ಪ್ರತಿ ಹಲ್ಲಿಗೂ ಮೂರು ಸಲ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎಡದ ಹಲ್ಲುಗಳೆಲ್ಲ ಮುಗಿದ ಮೇಲೆ ಯಂತ್ರವನ್ನು ತಿರುಗಿಸಿ ಬಲದವು. ನಾಲ್ಕು ಸಲ ಮಸೆದಾದ ಮೇಲೊಮ್ಮೆ ಹಲ್ಲಿನ ಮುಂದಿರುವ ಗೂನನ್ನು ಚಪ್ಪಟೆ ಅರದಿಂದ ತಗ್ಗಿಸಿ, ಹಲ್ಲಿಗಿಂತ 0.65 ಮಿಲಿಮೀಟರ್ ಕೆಳಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಹಲ್ಲು ಎಷ್ಟು ಹರಿತವಿದ್ದರೂ ಮರವನ್ನು ಕಚ್ಚುವುದಿಲ್ಲ. ಪರೀಕ್ಷೆ ಮರುದಿನ: ಹುಡಿ ಬಿದ್ದರೆ ಮಸೆದದ್ದು ಸಾಲದು, ಉದ್ದುದ್ದ ಚಕ್ಕೆ ಬಿದ್ದರೆ ಸರಿ. ಹಸಿ ಹಲಸಿನ ಹಳದಿ ಚಕ್ಕೆಗಳು ಬೂಟಿನ ಮೇಲೆ ಬೀಳುವುದನ್ನು ನೋಡುವ ಸಂತೋಷ ನನಗೆ ಇಂದಿಗೂ ಕಡಿಮೆಯಾಗಿಲ್ಲ.

ಹೀಗೆ ಎಡಕ್ಕೊಂದು ಬಲಕ್ಕೊಂದು ಹಲ್ಲಿರುವ ಚೈನನ್ನು ರೂಪಿಸಿದವರು ಅಮೆರಿಕದ ಒರೆಗಾನಿನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್. ಮರ ಕೊರೆಯುವ ದುಂಬಿಯ ಮರಿ ತನ್ನ ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸಿ ದಾರಿ ಮಾಡಿಕೊಳ್ಳುವುದನ್ನು 1946ರಲ್ಲಿ ಕಂಡು, ಮರುವರ್ಷ ಅದೇ ರೀತಿಯ ಚೈನನ್ನು ಅವರು ಮಾರುಕಟ್ಟೆಗೆ ತಂದರು. ತೆಂಗಿನ ಸುಳಿ ಕೊರೆಯುವ ಕುರುವಾಯಿಯನ್ನು ಕಂಡಲ್ಲಿ ಕೊಲ್ಲುವ ನಮಗೆ ಒಂದು ಹುಳದಿಂದ ಇಂತಹ ಉಪಕಾರವಾಗಿದೆ ಎಂಬುದನ್ನು ನಾನು ಅರ ಹಿಡಿದಾಗಲೆಲ್ಲ ನೆನೆಯುತ್ತೇನೆ.

ಅಡಿಕೆ ಮತ್ತು ತೆಂಗಿನ ಮರ ಕೊಯ್ಯುವವರು ಇನ್ನೊಂದು ವಿಷಯವನ್ನು ತಿಳಿದಿರಬೇಕು. ಈ ಮರಗಳ ಹೊರಗಿನ ಸುತ್ತು ಗಟ್ಟಿ, ನಡುವೆ ಮೆದು. ಅವುಗಳಲ್ಲಿರುವ ಸಿಲಿಕದ ಕಣಗಳು ಹಲ್ಲನ್ನು ಮರಳಿನಂತೆ ಸವೆಸುತ್ತವೆ. ಗೇರಿನ ಮರದಲ್ಲಿ ದಿನವಿಡೀ ಉಳಿಯುವ ಹರಿತ ತೆಂಗಿನಲ್ಲಿ ಒಂದು ಮರಕ್ಕೆ ಮುಗಿಯುತ್ತದೆ. ಅಡಿಕೆಯ ಉದ್ದನೆಯ ನಾರು ಚೈನಿನೊಡನೆ ಒಳಗೆ ಹೋಗಿ, ಚೈನನ್ನು ಓಡಿಸುವ ಹಲ್ಲಿನ ಚಕ್ರವಾದ ಸ್ಪ್ರಾಕೆಟ್ಟಿಗೆ ಸುತ್ತಿಕೊಳ್ಳುತ್ತದೆ ಮತ್ತು ಎಣ್ಣೆ ಬರುವ ಸಣ್ಣ ತೂತನ್ನು ಮುಚ್ಚುತ್ತದೆ. ಎರಡನೆಯ ವರ್ಷ ಇದನ್ನು ಗಮನಿಸದೆ ಒಂದು ಬಾರ್ ಸುಟ್ಟು ನೀಲಿಯಾಯಿತು. ಈಗ ಎರಡು ಅಡಿಕೆ ಮರ ಮುಗಿದ ಕೂಡಲೇ ಎಂಜಿನ್ ನಿಲ್ಲಿಸಿ, ಬದಿಯ ಮುಚ್ಚಳ ಬಿಚ್ಚಿ, ತೆಂಗಿನ ಕಡ್ಡಿಯಿಂದ ಆ ತೂತನ್ನು ಕೆದಕುತ್ತೇನೆ. ಚೈನಿಗೆ ಹಳೆಯ ಎಂಜಿನ್ ಎಣ್ಣೆ ಹಾಕಿದರೆ ಸಾಕೆಂದು ಹೇಳುವವರಿದ್ದಾರೆ, ಅದರಲ್ಲಿ ಸವೆದ ಲೋಹದ ಹುಡಿ ಇರುವುದರಿಂದ ನಾನು ಹಾಕುವುದಿಲ್ಲ.

ಮಳೆಗಾಲದ ಮಾತು ಬೇರೆ. ನಮ್ಮಲ್ಲಿ ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನದ ಆಟದ ಗೆಜ್ಜೆ ಬಿಚ್ಚುವ ಹೊತ್ತಿಗೆ ಈ ಯಂತ್ರದ ಕೆಲಸವೂ ಮುಗಿಯುತ್ತದೆ, ಮತ್ತೆ ಅದನ್ನು ತೆಗೆಯುವುದು ದೀಪಾವಳಿಯ ಸುಮಾರಿಗೆ. ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಕಾರ್ಬುರೇಟರಿನ ರಬ್ಬರನ್ನೂ ಪೆಟ್ರೋಲ್ ಕೊಳವೆಯನ್ನೂ ಹಾಳು ಮಾಡುತ್ತದೆ. 2025ರಿಂದ ಆ ಬೆರಕೆ ಶೇಕಡಾ 20ಕ್ಕೆ ಏರಿದೆ. ಮೊದಲ ಮಳೆಗಾಲದಲ್ಲಿ ಟ್ಯಾಂಕ್ ತುಂಬಿಯೇ ಇಟ್ಟು, ನವೆಂಬರಿನಲ್ಲಿ ಹಗ್ಗ ಎಳೆದು ಎಳೆದು ತೋಳು ನೋಯಿಸಿಕೊಂಡೆ. ಕೊಳವೆ ಮತ್ತು ಕಾರ್ಬುರೇಟರಿನ ರಬ್ಬರ್ ಬದಲಿಸಲು 1,100 ರೂಪಾಯಿ ಹೋಯಿತು. ಆ ಮೇಲೆ ಪತ್ತನಾಜೆಯ ದಿನವೇ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ, ಒರೆಸಿ, ಅಟ್ಟದ ಮೇಲೆ ಒಲೆಯ ಬಿಸಿ ತಾಗುವ ಕಡೆ ಇಡುತ್ತೇನೆ. ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಟೂ-ಟಿ ಎಣ್ಣೆ, ಅಷ್ಟನ್ನೇ ಕಲಸುತ್ತೇನೆ, ತಿಂಗಳಿಗಿಂತ ಹಳೆಯದನ್ನು ಬಳಸುವುದಿಲ್ಲ. ಆಮೇಲೆ ಐದು ದೀಪಾವಳಿಗಳಲ್ಲಿಯೂ ಅದು ಐದಾರು ಎಳೆತಕ್ಕೆ ಎದ್ದಿದೆ.

ಆರು ವರ್ಷಗಳಲ್ಲಿ ಒಂದು ಬಾರ್, ಒಂದು ಸ್ಪ್ರಾಕೆಟ್, ಎರಡು ಪ್ಲಗ್, ಒಂದು ಎಳೆಯುವ ಹಗ್ಗ ಬದಲಾಗಿವೆ. ಸಿಲಿಂಡರನ್ನು ಬಿಚ್ಚುವ ಅಗತ್ಯ ಬಂದಿಲ್ಲ. ಭಾವನ ಏಳು ಸಾವಿರದ ಯಂತ್ರ ಮೂರನೆಯ ವರ್ಷ ಗುಜರಿಗೆ ಹೋಯಿತು, ಆದರೆ ಇದ್ದಷ್ಟು ದಿನ ಅದು ನನ್ನದು ಮುಟ್ಟಲಾಗದ ದಪ್ಪ ಮರಗಳನ್ನು ಕೊಯ್ದಿತ್ತು. ಬಾರ್, ಸ್ಪ್ರಾಕೆಟ್, ಚೈನ್ ಮೂರನ್ನೂ ಒಟ್ಟಿಗೆ ಬದಲಿಸಿ ಊರಿನಲ್ಲಿ ಸಿಗುವ ದೊಡ್ಡ ಪಿಚ್ಚಿಗೆ ಮಾರ್ಪಡಿಸಬಹುದೆಂದು ಮೆಕ್ಯಾನಿಕ್ ಎರಡು ವರ್ಷದ ಹಿಂದೆ ಹೇಳಿದರು. ಆ ಸಣ್ಣ ಎಂಜಿನ್ನಿಗೆ ಭಾರ ಹೆಚ್ಚುತ್ತದೆಂದು ನಾನು ಒಪ್ಪಲಿಲ್ಲ. ಇಂದು ಹೊಸದಾಗಿ ಕೊಳ್ಳುವವಳಾಗಿದ್ದರೆ, ಇದೇ ತೂಕದಲ್ಲಿ ದೊಡ್ಡ ಪಿಚ್ಚಿನ ಚೈನ್ ಹಾಕಿಯೇ ಬರುವ ಯಂತ್ರವಿದೆಯೇ ಎಂದು ಮೊದಲು ಕೇಳುತ್ತಿದ್ದೆ, ಇಲ್ಲವೆಂದರೆ ಯಂತ್ರದ ಜೊತೆಗೇ ಮೂರು ಚೈನ್ ಕಟ್ಟಿಸಿಕೊಂಡು ಬರುತ್ತಿದ್ದೆ.

ಸದ್ಯ ನಾಲ್ಕನೆಯ ಚೈನ್ ಓಡುತ್ತಿದೆ. ಹೊಸವು ಎರಡು, ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿ, ಜಗಲಿಯ ಗೋಡೆಯ ಮೊಳೆಯಲ್ಲಿ ತೂಗುತ್ತಿವೆ.