ದೇವರ ಆಜ್ಞೆಯೋ, ಸ್ವತಂತ್ರ ತತ್ವವೋ: ಯಾವುದನ್ನು ನೆಚ್ಚಬೇಕು?

ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲು. ರಾತ್ರಿ ಎರಡು ಗಂಟೆ, ನೀರಿನ ಸರದಿ ಪಕ್ಕದ ಗದ್ದೆಯವರದು. ಒಂದು ಗುದ್ದಲಿ ಮಣ್ಣು ಎಳೆದರೆ ನೀರು ನಮ್ಮ ಭತ್ತಕ್ಕೆ ತಿರುಗುತ್ತದೆ. ನೋಡುವವರಿಲ್ಲ. ಕೈ ತಡೆಯುವುದು ಯಾವುದು?

‘ಮೇಲಿರುವವನು ನೋಡುತ್ತಾನೆ’ ಎನ್ನುವವರಿಗೆ ಲಾಭನಷ್ಟದ ಲೆಕ್ಕ ಏಳುವ ಮೊದಲೇ ಕೈ ನಿಲ್ಲುತ್ತದೆ. ಇದು ಸಣ್ಣ ಬಲವಲ್ಲ. ಆದರೆ ಪ್ಲೇಟೋ ಬರೆದ ಸಂವಾದವೊಂದರಲ್ಲಿ ಗ್ರೀಕ್ ತತ್ವಜ್ಞಾನಿ ಸಾಕ್ರಟೀಸ್, ಯೂಥಿಫ್ರೋ ಎಂಬಾತನಿಗೆ ಹಾಕಿದ ಪ್ರಶ್ನೆ ಇಲ್ಲೇ ಎದುರಾಗುತ್ತದೆ: ದೇವರು ಮೆಚ್ಚಿದ್ದರಿಂದ ಅದು ಒಳ್ಳೆಯದೋ, ಒಳ್ಳೆಯದಾದ್ದರಿಂದ ದೇವರು ಮೆಚ್ಚಿದನೋ? ಮೊದಲನೆಯದಾದರೆ, ಕ್ರೌರ್ಯಕ್ಕೆ ಅಪ್ಪಣೆಯಾದರೆ ಅದೂ ಧರ್ಮವೇ ಆಗಬೇಕು. ಎರಡನೆಯದಾದರೆ ಅಳತೆಗೋಲು ಆಜ್ಞೆಯಿಂದ ಹೊರಗಿದೆ. ‘ಒಳ್ಳೆಯತನವೇ ದೇವರ ಸ್ವಭಾವ’ ಎಂಬ ಉತ್ತರ ಗಟ್ಟಿಯಾದದ್ದೇ; ಆದರೂ ಆಜ್ಞೆಯನ್ನು ಓದಿ ಹೇಳುವವರು ಮನುಷ್ಯರು. ಮುಟ್ಟಬಾರದು, ಊರ ಬಾವಿ ಹತ್ತಬಾರದು ಎಂದದ್ದೂ ದೇವರ ಹೆಸರಲ್ಲೇ.

ಸ್ವತಂತ್ರ ತತ್ವದ ಕಡೆ, ಅಂದರೆ ದೇವರ ಆಜ್ಞೆಯನ್ನು ನೆಚ್ಚದೆ ಬುದ್ಧಿಯಿಂದಲೇ ಒಳಿತನ್ನು ತಿಳಿಯುವ ಕಡೆ, ಜರ್ಮನ್ ತತ್ವಜ್ಞಾನಿ ಕಾಂಟ್ 1785ರಲ್ಲಿ ಕೊಟ್ಟ ಪರೀಕ್ಷೆಯಿದೆ: ಎಲ್ಲರೂ ಹೀಗೇ ಮಾಡಿದರೆ? ಎಲ್ಲರೂ ಮಣ್ಣೆಳೆದರೆ ಸರದಿ ಎಂಬುದೇ ಉಳಿಯದು. ಯಾವ ಮತದವರಿಗೂ ಇದನ್ನು ವಿವರಿಸಬಹುದು, ಅದಕ್ಕೇ ನಮ್ಮ ಒಲವು ಈ ಕಡೆ. ಎಡವುವುದು ಎಲ್ಲೆಂದರೆ, ‘ಪೈರು ಒಣಗುತ್ತಿದೆ, ಇದೊಂದು ಸಲ’ ಎಂದು ಬುದ್ಧಿ ತನಗೆ ತಾನೇ ವಿನಾಯಿತಿ ಕೊಟ್ಟುಕೊಳ್ಳುತ್ತದೆ.

ನಂಬಿಕೆಯಿದ್ದರೆ ಬಿಡಬೇಡಿ, ಆದರೆ ಪ್ರತಿ ಆಜ್ಞೆಗೂ ‘ಇದರಿಂದ ಯಾರಿಗೆ ನೋವು?’ ಎಂದು ಕೇಳಿ. ನಂಬಿಕೆಯಿಲ್ಲದಿದ್ದರೆ, ನಿಮ್ಮ ವಿನಾಯಿತಿಯನ್ನು ಪಕ್ಕದ ಗದ್ದೆಯವರ ಎದುರು ನಿಂತು ಬಾಯಿಬಿಟ್ಟು ಹೇಳಬಲ್ಲಿರಾ ನೋಡಿ. ಆಗದಿದ್ದರೆ ಗುದ್ದಲಿ ಕೆಳಗಿಡಿ.